ನಿಂತ ಕುಲ್ಫಿ

ನಮ್ಮೂರಿನಲ್ಲಿ ತಿನಿಸು ತನ್ನನ್ನು ಮಾಡಿದವರ ಮಾತು ಕೇಳುತ್ತದೆ. ಕರೆದರೆ ಮರಳಿ ಬರುತ್ತದೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ಸಲ ಇದನ್ನು ನೋಡಿ ಬಾಯಿಗೆ ಸೆರಗು ಹಚ್ಚಿಕೊಳ್ಳುತ್ತಾರೆ. ಆಮೇಲೆ ಅವರೂ ನಮ್ಮ ಹಾಗೆ ಬೆಳಿಗ್ಗೆ ಎದ್ದು ಬಾಗಿಲ ಬುಡದ ಕಿಂಡಿ ಗುಡಿಸುವುದನ್ನು ಕಲಿಯುತ್ತಾರೆ. ಇಲ್ಲಿ ಎಲ್ಲ ಮನೆಗೂ ಅಂಥದೊಂದು ಕಿಂಡಿ ಇದೆ. ಬೆಕ್ಕಿಗೆಂದು ಮಾಡಿದ್ದಲ್ಲ, ಬೆಕ್ಕು ಪುಕ್ಕಟೆ ಉಪಯೋಗಿಸುತ್ತದೆ ಅಷ್ಟೇ. ಕರೆ ಬಂದಾಗ ಡಬ್ಬಿಯೋ ಪೊಟ್ಟಣವೋ ಉಂಡೆಯೋ ಹೊರಗೆ ಹೋಗಲು ದಾರಿ ಬೇಕಲ್ಲ, ಅದಕ್ಕೆ. ಫ್ರಿಜ್ ಇದ್ದವರು ಕರೆಯ ಗಂಟೆ ಕೇಳಿದ ಕೂಡಲೇ ಅದರ ಬಾಗಿಲು ತೆರೆದಿಡಬೇಕು. ತೆರೆಯದಿದ್ದರೆ ಒಳಗೆ ತಿನಿಸು ಗುದ್ದುವ ಸದ್ದಿಗೆ ಮನೆಯಲ್ಲಿ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ.

ಪೇಟೆಯ ನಡುವೆ ಕರೆಗಲ್ಲು ಇದೆ. ಯಾರ ಕೈಯ ತಿನಿಸಿನಿಂದ ಯಾರಿಗಾದರೂ ಕೇಡಾಯಿತೋ ಅವರು ಆ ಕಲ್ಲು ಹತ್ತಬೇಕು. ತಿನಿಸಿನ ಹೆಸರು ಹೇಳಿ, ಅದರಲ್ಲಿ ಏನೇನು ಹಾಕಿದ್ದೇನೆಂದು ಊರಿಗೆಲ್ಲ ಕೇಳುವಂತೆ ಹೇಳಿ, ಕೊನೆಗೆ 'ಬಾ' ಅನ್ನಬೇಕು. ಹೊಟ್ಟೆಗೆ ಹೋದದ್ದು ಬರುವುದಿಲ್ಲ, ಅದು ತಿಂದವರ ಪಾಲಿನದು. ಉಳಿದದ್ದು ಬರುತ್ತದೆ.

ನಾನು ನೀಲವ್ವ, ಉಪ್ಪಿನಕಾಯಿ ಮಾಡಿ ಮಾರುವವಳು. ಈ ದಂಧೆ ನನ್ನ ಅತ್ತೆಯಿಂದ ಬಂದದ್ದು. ಅವಳ ಕಾಲದಲ್ಲಿ ಒಮ್ಮೆ ಮಾವಿನ ಉಪ್ಪಿನಕಾಯಿ ತಿಂದವರಿಗೆ ವಾಂತಿ ಶುರುವಾಗಿ ಅತ್ತೆ ಕಲ್ಲು ಹತ್ತಿದಳಂತೆ. ಮಾವು, ಉಪ್ಪು, ಖಾರ, ಸಾಸಿವೆ, ಇಂಗು ಎಂದು ಹೇಳಿದ ಮೇಲೆ, ಎಣ್ಣೆ ಹಪ್ಪಳ ಕರಿದು ಉಳಿದದ್ದು ಎಂಬುದನ್ನೂ ಹೇಳಬೇಕಾಯಿತು. ಊರೆದುರು ಮಾನ ಹರಾಜು. ಆದರೆ ಭರಣಿಗಳು ಉರುಳಿಕೊಂಡು ಬಂದು ಅವಳ ಕಾಲ ಬಳಿ ಕೂತವು. ಹೊಸ ಎಣ್ಣೆ ಹಾಕಿ ಮಾಡಿದ ಭರಣಿಗಳು ಮಾತ್ರ ಜನರ ಮನೆಯ ಶೆಲ್ಫಿನಲ್ಲೇ ಅಲುಗಾಡದೆ ನಿಂತವು. ಅವುಗಳಲ್ಲಿ ಆ ಹಳೆ ಎಣ್ಣೆ ಇರಲಿಲ್ಲ, ಅವುಗಳನ್ನು ಅವಳು ಕರೆದೂ ಇರಲಿಲ್ಲ. ಊರು ಅಷ್ಟೆಲ್ಲ ಯೋಚನೆ ಮಾಡಲು ಹೋಗಲಿಲ್ಲ. ಕೆಟ್ಟದ್ದು ಬರುತ್ತದೆ, ಒಳ್ಳೆಯದು ನಿಲ್ಲುತ್ತದೆ ಎಂದು ಅರ್ಥ ಮಾಡಿಕೊಂಡಿತು. ಕರೆಯಲ್ಲಿ ನಿಂತ ತಿನಿಸಿಗಿಂತ ಶುದ್ಧವಾದದ್ದು ಇನ್ನೊಂದಿಲ್ಲವೆಂದು ಅದನ್ನು ಮೊದಲು ಮಕ್ಕಳಿಗೆ ಕೊಡುವ ಪದ್ಧತಿಯೂ ಬೆಳೆಯಿತು. ಮಕ್ಕಳಿಗೆ ಕೊಡುವ ಮುಂಚೆ ದೊಡ್ಡವರು ಅದನ್ನು ರುಚಿ ನೋಡುವ ಹಾಗಿಲ್ಲ. ನೋಡಿದರೆ ಕಲ್ಲಿನ ಮೇಲೆ ಸಂಶಯಪಟ್ಟ ಹಾಗೆ.

ಕಲ್ಲಿನ ಮೇಲೆ ನಿಂತವರ ನಾಲಗೆ ಸುಳ್ಳಿಗೆ ಹೊರಳುವುದಿಲ್ಲ ಎಂದೂ ಒಂದು ನಂಬಿಕೆ ಇತ್ತು. ಅದು ನಿಜವಿದ್ದರೂ ಇರಬಹುದು. ಆದರೆ ಸುಮ್ಮನಿರಲು ನಾಲಗೆ ಹೊರಳಬೇಕಾಗಿಲ್ಲವಲ್ಲ, ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ನನ್ನ ಎದುರು ಮನೆಯ ಕಸ್ತೂರಿಯ ಕಥೆ ಹೇಳಬೇಕು. ಕಸ್ತೂರಿ ಕುಪ್ಪಸ ಹೊಲಿಯುವವಳು, ಸೀರೆಗೆ ಫಾಲ್ ಹಚ್ಚುವವಳು. ಗಂಡ ಲಾರಿ ಓಡಿಸುತ್ತ ಹೋದವನು ಇನ್ಯಾವುದೋ ಊರಿನಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡು ಅಲ್ಲೇ ಉಳಿದ. ಇವಳಿಗೆ ಇದ್ದದ್ದು ಮಗಳೊಬ್ಬಳು, ಚಂಪಾ. ಆ ಹುಡುಗಿಗೆ ಶೇಂಗಾ ಆಗುತ್ತಿರಲಿಲ್ಲ. ಇನ್ನೂ ತೊದಲು ಮಾತಾಡುವಾಗ ಯಾರೋ ಒಂದು ಚೂರು ಶೇಂಗಾ ಉಂಡಿ ಬಾಯಿಗಿಟ್ಟಿದ್ದರು. ತುಟಿ ಬಾತು, ಕಣ್ಣು ಮುಚ್ಚಿ, ಉಸಿರು ಸಿಳ್ಳೆ ಹಾಕತೊಡಗಿ, ದವಾಖಾನೆಯಲ್ಲಿ ಸೂಜಿ ಚುಚ್ಚಿ ಉಳಿಸಿಕೊಂಡರು. ಇನ್ನೊಮ್ಮೆ ಹೀಗಾದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿ ಕಳಿಸಿದ್ದರು.

ನಮ್ಮ ಕಡೆ ಶೇಂಗಾ ಇಲ್ಲದ ಮನೆ ಎಲ್ಲಿದೆ? ಚಟ್ನಿಪುಡಿಗೆ ಶೇಂಗಾ, ಪಲ್ಯಕ್ಕೆ ಶೇಂಗಾ ಪುಡಿ, ಹೋಳಿಗೆಗೆ ಶೇಂಗಾ, ಅವಲಕ್ಕಿಗೆ ಶೇಂಗಾ, ಹೊತ್ತು ಹೋಗದಿದ್ದರೆ ಹುರಿದ ಶೇಂಗಾ. ಕಸ್ತೂರಿ ಆ ಊರಿನ ನಡುವೆ ಶೇಂಗಾ ಮುಟ್ಟದ ಒಂದು ಮನೆ ಕಟ್ಟಿದಳು. ತನ್ನ ಬಾಯಿಗೂ ಹಾಕಿಕೊಳ್ಳುತ್ತಿರಲಿಲ್ಲ. ಕುಪ್ಪಸದ ಅಳತೆ ಕೊಡಲು ಬಂದವರು ಒಳಗೆ ಬರುವ ಮೊದಲು ಕೈ ತೊಳೆಯಬೇಕು. ಹೊರಗಿನಿಂದ ಏನೇ ಬರಲಿ, ದೇವರ ಪ್ರಸಾದವೇ ಇರಲಿ, ಮೊದಲು ತಾನು ನೆಕ್ಕಿ, ನಾಲಗೆಯ ಮೇಲೆ ಹೊರಳಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, ಆಮೇಲೆ ಮಗಳಿಗೆ ಕೊಡುವಳು. ಹೆಚ್ಚಿನದು ಮಗಳಿಗೆ ಸಿಗುತ್ತಲೇ ಇರಲಿಲ್ಲ. ಓಣಿಯ ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ಒಗ್ಗಿಕೊಂಡರು. ನಾನಂತೂ ನನ್ನ ಮನೆಯ ಶೇಂಗಾ ಡಬ್ಬಿಯನ್ನು ಅಟ್ಟಕ್ಕೆ ಏರಿಸಿ, ಚಂಪಾ ಮಲಗಿದ ಮೇಲಷ್ಟೇ ಇಳಿಸುತ್ತಿದ್ದೆ. ಆ ಹುಡುಗಿ ದಿನಕ್ಕೆ ಹತ್ತು ಸಲ ನನ್ನ ಮನೆಗೆ ಬರುತ್ತಿತ್ತು, ಏನು ಮಾಡುವುದು.

ಒಂದು ದಿನ ಓಣಿಯಲ್ಲಿ ಮದುವೆ. ಊಟದ ಕೊನೆಗೆ ರಾಚಪ್ಪನ ಬಾದಾಮಿ ಕುಲ್ಫಿ, ಕಾಗದದ ಕಪ್ಪಿನಲ್ಲಿ, ಮೇಲೆ ಮುಚ್ಚಳ. ರಾಚಪ್ಪ ಅಂದರೆ ನಮ್ಮೂರಿನ ದೊಡ್ಡ ಕುಳ. ಪೇಟೆಯಲ್ಲಿ ಗಾಜಿನ ಅಂಗಡಿ, 'ಅಪ್ಪಟ ಬಾದಾಮಿ' ಎಂದು ಬೋರ್ಡು, ಹಣೆಯ ತುಂಬ ವಿಭೂತಿ, ಮಾತು ಬೆಣ್ಣೆ. ಮದುವೆಯವರು ಉಳಿದ ಕಪ್ಪುಗಳನ್ನು ಓಣಿಯ ಮನೆಮನೆಗೂ, ಪೇಟೆಯ ನೆಂಟರಿಷ್ಟರಿಗೂ ಕಳಿಸಿದರು. ಚಂಪಾಳಿಗೂ ಒಂದು ಬಂತು. ಕಸ್ತೂರಿ ಆ ದಿನ ಹೊಲಿಗೆಯಲ್ಲಿ ಮುಳುಗಿದ್ದಳು, ಆಮೇಲೆ ನೋಡೋಣ ಎಂದಳು. ಅವಳ ಮನೆಯಲ್ಲಿ ಫ್ರಿಜ್ ಇಲ್ಲ. ಚಂಪಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಫ್ರೀಜರಿನಲ್ಲಿ ಇಟ್ಟಳು. ಅದರ ಪಕ್ಕದಲ್ಲಿ ನಾನು ನನಗೆಂದು ರಾಚಪ್ಪನ ಅಂಗಡಿಯಿಂದಲೇ ತಂದಿದ್ದ ಇನ್ನೊಂದು ಕಪ್ಪಿತ್ತು. ನನ್ನದು ಯಾವುದು ಅವಳದು ಯಾವುದು ಎಂದು ಗೊತ್ತಾಗಲಿ ಎಂದು ತನ್ನ ಮುಚ್ಚಳದ ಮೇಲೆ ಪೆನ್ನಿನಿಂದ ಒಂದು ಹೂವು ಬರೆದಳು.

ಮರುದಿನ ಸುದ್ದಿ ಬಂತು. ಮದುವೆಗೆ ಬಂದಿದ್ದ ಮದುಮಗನ ಸೋದರಮಾವನಿಗೆ ಊಟದ ನಂತರ ಮೈಯೆಲ್ಲ ದದ್ದು ಎದ್ದು, ಮುಖ ಬಾತು, ದವಾಖಾನೆಗೆ ಸೇರಿಸಿದ್ದರಂತೆ. ಪುಣ್ಯಕ್ಕೆ ಉಳಿದುಕೊಂಡ. ಕುಲ್ಫಿಯದೇ ಕೆಲಸ ಎಂದು ಒಬ್ಬರು, ಹಾಲು ಹಳಸಿತ್ತು ಎಂದು ಇನ್ನೊಬ್ಬರು. ಕಸ್ತೂರಿ ಕೇಳಿಸಿಕೊಂಡದ್ದೇ ಆ ಕಪ್ಪು ಮುಟ್ಟಕೂಡದೆಂದು ಮಗಳಿಗೆ ಹೇಳಿದಳು. ರುಚಿ ನೋಡುವುದೂ ಬೇಡ, ಚೆಲ್ಲಿಬಿಡು ಎಂದಳು. ಚಂಪಾ ಅಂದು ಊಟ ಬಿಟ್ಟಳು. ಚೆಲ್ಲುವುದು ಬೇಡ, ತಿನ್ನುವುದಿಲ್ಲ, ಸುಮ್ಮನೆ ಇರಲಿ ಎಂದು ಅತ್ತು ಒಪ್ಪಿಸಿದಳು. ಅಲ್ಲಿಂದ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ನನ್ನ ಫ್ರಿಜ್ ತೆರೆದು ಇಣುಕುವಳು. ನಾನು ಕರೆಂಟು ಬಿಲ್ ನಿನ್ನಪ್ಪ ಕಟ್ಟುತ್ತಾನೇನೇ ಎಂದು ಬೈಯುವೆ. ಆಕೆ ಹಲ್ಲು ಕಿರಿದು ಬಾಗಿಲು ಮುಚ್ಚುವಳು. ಬರೀ ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಕೊಟ್ಟ ಮಾತಿಗೆ ಅಷ್ಟು ನಿಲ್ಲುವ ಹುಡುಗಿ.

ವಾರ ಕಳೆಯುವುದರೊಳಗೆ ಊರ ಚೇರ್ಮನ್ ಅಂದಾನಪ್ಪನವರು ರಾಚಪ್ಪನಿಗೆ ಕಲ್ಲು ಹತ್ತಲು ಹೇಳಿದರು. ರವಿವಾರ ಬೆಳಿಗ್ಗೆ ಗಂಟೆ ಬಾರಿಸಿತು. ನಾನು ಫ್ರಿಜ್ಜಿನ ಬಾಗಿಲು ತೆರೆದು ಒಂದು ಇಟ್ಟಿಗೆ ಒತ್ತಾಗಿ ಇಟ್ಟೆ. ಕಸ್ತೂರಿ ಮತ್ತು ಚಂಪಾ ನನ್ನ ಮನೆಯಲ್ಲೇ ಬಂದು ಕೂತರು. ಮೈಕಿನಲ್ಲಿ ರಾಚಪ್ಪನ ಧ್ವನಿ ಓಣಿಯವರೆಗೂ ಬರುತ್ತಿತ್ತು. ಬಾದಾಮಿ ಕುಲ್ಫಿ, ಎಂದ. ಎಮ್ಮೆ ಹಾಲು, ಖೋವಾ, ಸಕ್ಕರೆ, ಏಲಕ್ಕಿ, ಹಳದಿ ಬಣ್ಣ, ಬಾದಾಮಿ. ಇಷ್ಟು ಹೇಳಿ ಒಂದು ಕ್ಷಣ ನಿಲ್ಲಿಸಿದ. ಗಂಟಲು ಸರಿಮಾಡಿಕೊಂಡ. ಆಮೇಲೆ, ಬಾ, ಎಂದ.

ಫ್ರೀಜರಿನೊಳಗೆ ಕಟಕಟ ಸದ್ದಾಯಿತು. ನನ್ನ ಕಪ್ಪು ಮಂಜಿನಿಂದ ಕಿತ್ತುಕೊಂಡು ಕೆಳಗೆ ಬಿದ್ದು, ಪುಟಿದು, ನೆಲದ ಮೇಲೆ ಉರುಳುತ್ತಾ ಕಿಂಡಿಯಿಂದ ಪಾರಾಯಿತು. ಓಣಿಯಲ್ಲಿ ಆಗಲೇ ಹತ್ತಾರು ಕಪ್ಪುಗಳು ಹೊರಟಿದ್ದವು. ದೊಡ್ಡ ಮನೆಗಳ ಕಡೆಯಿಂದ, ಆಫೀಸರರ ಬಂಗಲೆಗಳ ಕಡೆಯಿಂದ, ಗಾಜಿನ ಅಂಗಡಿಯಿಂದ ಕಪ್ಪುಗಳ ಹೊಳೆಯೇ ಹರಿಯಿತು. ಚಂಪಾಳ ಹೂವಿನ ಕಪ್ಪು ಅಲುಗಲಿಲ್ಲ. ಅವಳು ಉಸಿರು ಬಿಗಿಹಿಡಿದು ನೋಡಿದಳು, ಇನ್ನೂ ಸ್ವಲ್ಪ ಹೊತ್ತು ನೋಡಿದಳು.

"ಅವ್ವಾ, ನಂದು ನಿಂತೈತಿ," ಎಂದಳು. ಅಷ್ಟು ಸಣ್ಣ ಧ್ವನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಸುದ್ದಿ ಕೇಳಿ ತಿನ್ನದೆ ಇಟ್ಟಿದ್ದ ಮದುವೆಯ ಕಪ್ಪು ಓಣಿಯ ಬಹಳ ಮನೆಗಳಲ್ಲಿ ನಿಂತಿತ್ತು. ಎಲ್ಲರೂ ಹೊರಗೆ ಬಂದು ಒಬ್ಬರಿಗೊಬ್ಬರು ಹೇಳಿಕೊಂಡು ಖುಷಿಪಟ್ಟರು. ಮಕ್ಕಳನ್ನು ಸಾಲಾಗಿ ಕೂರಿಸಿ ಚಮಚ ಕೊಟ್ಟರು. ಪೇಟೆಯಲ್ಲಿ ರಾಚಪ್ಪ ತನ್ನ ಕಾಲ ಬಳಿ ಬಂದ ರಾಶಿಯನ್ನೆಲ್ಲ ಜನರೆದುರು ಚರಂಡಿಗೆ ಸುರಿದನಂತೆ, ಅವನ ದೊಡ್ಡತನ ನೋಡಿ ಜನ ಕೈ ಮುಗಿದರಂತೆ. ಕಸ್ತೂರಿ ಆ ಹೂವಿನ ಮುಚ್ಚಳ ತೆಗೆದಳು. ಬಾದಾಮಿ, ಏಲಕ್ಕಿ ಘಮ್ಮೆಂದವು. ಅಭ್ಯಾಸಬಲದಿಂದ ಅವಳ ಬೆರಳು ಕಪ್ಪಿನವರೆಗೆ ಹೋಯಿತು. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಾರೆಂಬುದು ಅವಳ ಅರಿವಿಗೆ ಬಂತು. ಬೆರಳು ಹಿಂದಕ್ಕೆ ತೆಗೆದುಕೊಂಡು, ತಗೋ ತಿನ್ನು ನನ್ನ ಬಂಗಾರ, ಎಂದು ಕಪ್ಪು ಕೊಟ್ಟಳು. ಅಷ್ಟು ವರ್ಷ ಒಂದೊಂದು ತುತ್ತನ್ನೂ ನೆಕ್ಕಿ ನೋಡಿ ಉಣಿಸಿದವಳು ಅವತ್ತು ಒಂದೇ ಒಂದು ದಿನ ನೆಕ್ಕಿ ನೋಡಲಿಲ್ಲ.

ಚಂಪಾ ನನ್ನ ಕಟ್ಟೆಯ ಮೇಲೆ ಕೂತು ನಿಧಾನವಾಗಿ ತಿಂದಳು, ಬೇಗ ಮುಗಿದೀತು ಎಂಬ ಅಂಜಿಕೆಯಿಂದ. ಅರ್ಧ ಕಪ್ಪು ಆಗಿತ್ತು. ಗಂಟಲಲ್ಲಿ ಏನೋ ಆಗುತ್ತಿದೆ ಅವ್ವಾ ಎಂದು ಎದ್ದು ನಿಂತಳು. ಆಮೇಲಿನದನ್ನು ನಾನು ಬಿಡಿಸಿ ಹೇಳಲಾರೆ. ರಿಕ್ಷಾದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು, ಕಾಲು ಕಸ್ತೂರಿಯ ತೊಡೆಯ ಮೇಲೆ. ದವಾಖಾನೆಯ ಮೆಟ್ಟಿಲು ಹತ್ತುವಾಗ ಇದ್ದ ಉಸಿರು ಒಳಗೆ ಮಂಚದ ಮೇಲೆ ಮಲಗಿಸುವಾಗ ಇರಲಿಲ್ಲ. ಡಾಕ್ಟರು ಬಹಳ ಹೊತ್ತು ಒದ್ದಾಡಿದರು. ಕೊನೆಗೆ ಹೊರಗೆ ಬಂದು, ಏನು ತಿನ್ನಿಸಿದ್ದಿರಿ ಎಂದು ಕೇಳಿದರು. ಕಸ್ತೂರಿ, ನಿಂತದ್ದು, ನಿಂತದ್ದು ಎಂದು ಅಷ್ಟನ್ನೇ ಹೇಳಿದಳು.

ಮಣ್ಣು ಮಾಡಿ ಬಂದ ಮೇಲೆ ಕಸ್ತೂರಿ ನನ್ನ ಮನೆಗೆ ಬಂದು ಫ್ರಿಜ್ ತೆರೆದಳು. ಉಳಿದ ಅರ್ಧ ಕಪ್ಪನ್ನು ನಾನೇ ಒಳಗಿಟ್ಟಿದ್ದೆ, ಯಾಕೆ ಇಟ್ಟೆನೋ ಗೊತ್ತಿಲ್ಲ, ಚೆಲ್ಲಲು ಕೈ ಬರಲಿಲ್ಲ. ಅದರಲ್ಲಿ ಬೆರಳದ್ದಿ ನಾಲಗೆಯ ಮೇಲಿಟ್ಟುಕೊಂಡು, ಎಂದಿನಂತೆ ಕಣ್ಣು ಮುಚ್ಚಿ ಕೂತಳು. ಕಣ್ಣು ತೆರೆದಾಗ ಮುಖದಲ್ಲಿ ಅಳು ಇರಲಿಲ್ಲ. ವರ್ಷಗಟ್ಟಲೆ ಶೇಂಗಾ ಮುಟ್ಟದವಳ ನಾಲಗೆ ಅದು, ಅದಕ್ಕೆ ಮೋಸ ಮಾಡಲು ಬರುವುದಿಲ್ಲ. ನನಗೂ ಕೊಟ್ಟಳು. ಮೊದಲು ಬಾದಾಮಿಯ ಎಸೆನ್ಸು, ಅದರ ಕೆಳಗೆ ಏಲಕ್ಕಿ, ಅದರ ತಳದಲ್ಲಿ ನುಣ್ಣಗೆ ಅರೆದ ಶೇಂಗಾ. ಬಾದಾಮಿ ಹೆಸರಿಗೂ ಇರಲಿಲ್ಲ. ಮದುವೆಯ ಆರ್ಡರಿಗೆ ಬಾದಾಮಿ ಯಾರು ಹಾಕುತ್ತಾರೆ? ಅಂಗಡಿಯ ಗಾಜಿನ ಹಿಂದಿನವಕ್ಕೆ, ದೊಡ್ಡವರ ಮನೆಯವಕ್ಕೆ ಬಾದಾಮಿ. ಬಾದಾಮಿ ಎಂದು ಕರೆದಾಗ ಬಾದಾಮಿಯವು ಹೋದವು. ಶೇಂಗಾ ಎಂದು ಅವನು ಕರೆಯಲೇ ಇಲ್ಲ, ಶೇಂಗಾದವು ಯಾಕೆ ಬರುತ್ತವೆ? ಅತ್ತೆಯ ಭರಣಿಗಳ ಸಂಗತಿ ನನಗೆ ಆಗ ತಿಳಿಯಿತು.

ಕಸ್ತೂರಿ ನೆಟ್ಟಗೆ ರಾಚಪ್ಪನ ಅಂಗಡಿಗೆ ಹೋದಳು, ನಾನೂ ಜೊತೆಗಿದ್ದೆ. ಅವನು ಎದ್ದು ನಿಂತು, ಕುರ್ಚಿ ಹಾಕಿಸಿ, ಕಣ್ಣೊರೆಸಿಕೊಂಡು, ಮಗಳಂಥ ಮಗಳು ಎಂದೆಲ್ಲ ಹೇಳಿದ. ಕಸ್ತೂರಿ ಕೂರಲಿಲ್ಲ.

"ಕಲ್ಲಿನ ಮ್ಯಾಲ ಇನ್ನೊಂದ್ಸಲ ನಿಂದರ್ರಿ ಸಾವಕಾರ್ರ. ಒಂದು ಹೆಸರು ಬಿಟ್ಟೀರಿ, ಅದನ್ನೊಂದು ಹೇಳ್ರಿ. ನನಗ ಮತ್ತೇನೂ ಬ್ಯಾಡ."

"ನಾ ಹೇಳೂದೆಲ್ಲಾ ಹೇಳೇನಿ ಯವ್ವಾ," ಎಂದ ರಾಚಪ್ಪ. "ಊರ ಮಂದಿ ಕೇಳ್ಯಾರ. ಬರೂವು ಬಂದಾವು, ನಿಂದರೂವು ನಿಂತಾವು."

ಹೇಳುವಾಗ ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೊಟ್ಟೆ ಉರಿಸಿದ್ದು. ನಾನು ಅಲ್ಲೇ ಅವನ ವಿಭೂತಿ ಅಳಿಸುವಷ್ಟು ಬೈದೆ. ಗಿರಾಕಿಗಳು ನನ್ನನ್ನೇ ಕೆಕ್ಕರಿಸಿ ನೋಡಿದರು.

ಚೇರ್ಮನ್ನರ ಹತ್ತಿರ ಹೋದೆವು. ಅಂದಾನಪ್ಪನವರು ಕೆಟ್ಟ ಮನುಷ್ಯರಲ್ಲ, ಅವರ ಮೊಮ್ಮಕ್ಕಳೂ ಆ ರವಿವಾರ ನಿಂತ ಕುಲ್ಫಿ ತಿಂದಿದ್ದರು. ಕಪ್ಪಿನಲ್ಲಿ ಉಳಿದದ್ದನ್ನು ನೆಕ್ಕಿ ನೋಡಿ ಎಂದು ಕಸ್ತೂರಿ ಮುಂದೆ ಹಿಡಿದಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಕಲ್ಲಿನ ಮಾತಿನ ಮೇಲೆ ನಾವು ಮಾತಾಡಬಾರದು ತಂಗಿ ಎಂದರು. ಇಷ್ಟು ಮಕ್ಕಳು ತಿಂದವು, ಒಂದಕ್ಕೂ ಏನೂ ಆಗಲಿಲ್ಲ ಎಂದರು. ಅಂದಮೇಲೆ ಹುಡುಗಿಗೆ ಕೇಡು ಬೇರೆ ಕಡೆಯಿಂದ ಬಂದಿರಬೇಕಲ್ಲ, ಎಂದು ನೆಲ ನೋಡಿದರು. ಬೇರೆ ಕಡೆಯಿಂದ ಅಂದರೆ ಎಲ್ಲಿಂದ ಎಂದು ನಾನು ಕೇಳಿದೆ. ಅವತ್ತು ಮನೆಯಲ್ಲಿ ಏನು ಅಡಿಗೆ ಮಾಡಿದ್ದೆ, ಎಂದು ಅವರು ಕಸ್ತೂರಿಯನ್ನು ಕೇಳಿದರು.

ಹೀಗೆ ಮಗಳನ್ನು ಕಳೆದುಕೊಂಡವಳೇ ಕಲ್ಲು ಹತ್ತಬೇಕೆಂದು ಗೊತ್ತಾಯಿತು. ಊರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಪಾಪ, ಅವಳ ಮೇಲಿನ ಸಂಶಯವೂ ಕಳೆಯಲಿ ಎಂದರು ಕೆಲವರು, ಉಪಕಾರ ಮಾಡುವವರ ಹಾಗೆ. ಆ ರವಿವಾರ ಬೆಳಿಗ್ಗೆ ಅವಳು ಮಾಡಿದ್ದರಲ್ಲಿ ಉಳಿದದ್ದು ಖಡಕ್ ರೊಟ್ಟಿ ಮಾತ್ರ. ಜೋಳದ ಹಿಟ್ಟು, ನೀರು, ಎಳ್ಳು, ಉಪ್ಪು. ಒಂದು ಕಟ್ಟು ಅವಳ ಮನೆಯ ಬುಟ್ಟಿಯಲ್ಲಿತ್ತು, ಕೆಲವನ್ನು ನನಗೆ ಕೊಟ್ಟಿದ್ದಳು.

ಕಲ್ಲು ಹತ್ತುವ ದಿನ ಅವಳು ನನ್ನ ಮನೆಯಲ್ಲಿ ತಲೆ ಬಾಚಿಕೊಂಡಳು. ನನ್ನ ತಲೆಯಲ್ಲಿ ಒಂದೇ ಲೆಕ್ಕ. ಎಲ್ಲ ಹೇಳಿದರೆ ರೊಟ್ಟಿ ಬರುತ್ತವೆ, ಬಂದರೆ ತಾಯಿಯ ರೊಟ್ಟಿಯೇ ಕೊಂದಿತು ಎನ್ನುತ್ತಾರೆ. ನಾನು ಬಾಯಿ ಬಿಡುವ ಮೊದಲೇ ಅವಳು, ಉಪ್ಪು ಒಂದು ಬಿಟ್ಟರೆ ಸಾಕಲ್ಲವೇ ನೀಲಕ್ಕ, ಎಂದಳು. ಬಿಡು ತಾಯಿ, ಬಿಟ್ಟು ಪಾರಾಗು ಎಂದೆ. ಪಾರಾಗಲಿಕ್ಕಲ್ಲ ಎಂದಳು. ಮಂದಿಗೆ ಗೊತ್ತಿಲ್ಲ ಅಕ್ಕ, ತೋರಿಸಿದರೆ ಗೊತ್ತಾಗುತ್ತದೆ, ಎಂದಳು. ಆ ಮಾತು ಹೇಳುವಾಗ ಅವಳ ಮುಖದಲ್ಲಿ ಎಂಥ ನಂಬಿಕೆ ಇತ್ತೆಂದರೆ ನನಗೂ ನಂಬಿಕೆ ಬಂತು.

ಪೇಟೆ ತುಂಬಿತ್ತು. ರಾಚಪ್ಪ ಮುಂದಿನ ಸಾಲಿನಲ್ಲಿ, ಚೇರ್ಮನ್ನರ ಪಕ್ಕದಲ್ಲಿ. ಕಸ್ತೂರಿ ಕಲ್ಲಿನ ಮೇಲೆ ನಿಂತು ಮೈಕ್ ಬೇಡವೆಂದಳು. ರೊಟ್ಟಿ, ಎಂದಳು. ಜೋಳದ ಹಿಟ್ಟು, ನೀರು, ಎಳ್ಳು. ಬಾ. ಜನ ಓಣಿಯ ಕಡೆ ಕತ್ತು ತಿರುಗಿಸಿ ಕಾದರು. ಏನೂ ಬರಲಿಲ್ಲ. ಎಲ್ಲರ ಎದೆಯಿಂದಲೂ ಒಂದು ಉಸಿರು ಹೊರಬಿತ್ತು. ಚೇರ್ಮನ್ನರು ಎದ್ದು, ರೊಟ್ಟಿಯೂ ನಿಂತಿತು, ತಪ್ಪು ಯಾರದೂ ಅಲ್ಲ, ಹುಡುಗಿಯ ಹಣೆಬರಹ ಅಷ್ಟೇ ಇತ್ತು ಎಂದು ಹೇಳಿ ಶಾಲು ಸರಿಮಾಡಿಕೊಂಡರು.

"ಕುಂದರ್ರಿ ಎಲ್ಲಾರೂ," ಎಂದಳು ಕಸ್ತೂರಿ. "ನಾ ಒಂದು ಬಿಟ್ಟೇನಿ. ಈಗ ಹೇಳತೇನಿ, ನೋಡ್ರಿ. ಉಪ್ಪು."

ಬಾ ಎಂದಳು. ಮೊದಲು ನನ್ನ ಮನೆಯ ರೊಟ್ಟಿಗಳು ಬಂದವು, ಅಂಚಿನ ಮೇಲೆ ಗಾಲಿಯಂತೆ ಉರುಳುತ್ತ. ಹಿಂದೆಯೇ ಅವಳ ಬುಟ್ಟಿಯವು. ಜನ ದಾರಿ ಬಿಟ್ಟು ಸರಿದರು. ಒಂದೊಂದಾಗಿ ಬಂದು ಅವಳ ಕಾಲ ಬಳಿ ಮಲಗಿದವು. ಎಲ್ಲ ಬಂದವು ಎನ್ನುವಾಗ ಕೊನೆಗೊಂದು ಬಂತು. ಅದಕ್ಕೆ ಉರುಳಲು ಆಗುತ್ತಿರಲಿಲ್ಲ, ಒಂದು ಕಡೆ ಯಾರೋ ಕಚ್ಚಿ ತಿಂದಿದ್ದರು. ಕುಂಟುತ್ತ, ಬೀಳುತ್ತ ಬಂತು. ಚಂಪಾ ಆ ಬೆಳಿಗ್ಗೆ ಆಡಲು ಹೋಗುವಾಗ ಒಂದು ತುತ್ತು ಕಡಿದು ಎಲ್ಲೋ ಇಟ್ಟು ಮರೆತದ್ದು. ಅವಳ ಮುಂದಿನ ಎರಡು ಹಲ್ಲು ಆಗಷ್ಟೇ ಹೊಸದಾಗಿ ಬಂದಿದ್ದವು, ಅವುಗಳ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಕಸ್ತೂರಿಗೆ ಇದರ ಎಣಿಕೆ ಇರಲಿಲ್ಲ. ಅದನ್ನು ಎತ್ತಿಕೊಂಡು ಎದೆಗೆ ಹಚ್ಚಿಕೊಂಡಳು. ಅಲ್ಲಿಯವರೆಗೂ ಅಳದಿದ್ದವಳು ಆಗ ಅತ್ತಳು.

ನಾನು ಜನರ ಮುಖ ನೋಡುತ್ತಾ ನಿಂತೆ. ಅರ್ಥವಾಗಿತ್ತು. ಒಬ್ಬೊಬ್ಬರ ಮುಖದಲ್ಲೂ ಅರ್ಥವಾದದ್ದು ಕಾಣುತ್ತಿತ್ತು. ಎಲ್ಲರೂ ಒಂದು ಸಲ ರಾಚಪ್ಪನ ಕಡೆ ನೋಡಿದರು. ರಾಚಪ್ಪ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಈಗ ಯಾರಾದರೂ ಒಬ್ಬರು, ಏನಪ್ಪಾ ರಾಚಪ್ಪ, ಹತ್ತು ಕಲ್ಲು, ಎಂದಿದ್ದರೆ ಸಾಕಿತ್ತು. ನಾನೇ ಅಂದೆ, ಗಂಟಲು ಹರಿಯುವ ಹಾಗೆ ಅಂದೆ. ನನ್ನ ಧ್ವನಿ ಒಂದೇ ಆಯಿತು.

ಅಂದಾನಪ್ಪನವರು ಎದ್ದರು. ಕರೆ ಎಂಬುದು ಒಂದೇ ಸಲ ಎಂದರು. ಮೊದಲ ಕರೆಗೆ ನಿಂತದ್ದು ನಿಂತ ಹಾಗೆಯೇ, ಎರಡನೆಯದಕ್ಕೆ ಬೆಲೆಯಿಲ್ಲ, ಹಿರಿಯರ ಕಾಲದಿಂದ ಹೀಗೇ ಇದೆ ಎಂದರು. ಹಿರಿಯರ ಕಾಲದಲ್ಲಿ ಎರಡನೆಯ ಸಲ ಯಾರೂ ಕರೆದೇ ಇರಲಿಲ್ಲ. ಆದರೂ ಜನ ಹೌದೌದು ಎಂದು ಗೋಣು ಹಾಕಿದರು. ಯಾಕೆಂದರೆ ರಾಚಪ್ಪನ ನಿಂತ ಕುಲ್ಫಿ ಎಲ್ಲರ ಮಕ್ಕಳ ಹೊಟ್ಟೆಯಲ್ಲಿತ್ತು, ಕೈಯಾರೆ ಕೊಟ್ಟವರು ಅವರೇ. ಕಸ್ತೂರಿಯ ಮಾತು ನಿಜವಾದರೆ ಅವರು ತಮ್ಮ ಮಕ್ಕಳಿಗೆ ಇಲ್ಲಿಯವರೆಗೆ ತಿನ್ನಿಸಿದ ಒಂದೊಂದು ನಿಂತ ತಿನಿಸನ್ನೂ ಮತ್ತೆ ನೆನೆಸಿಕೊಂಡು ನಡುಗಬೇಕಾಗುತ್ತಿತ್ತು. ಅಷ್ಟು ನಡುಕ ಯಾರಿಗೆ ಬೇಕು? ಕಸ್ತೂರಿ ಕಲ್ಲಿನಿಂದ ಇಳಿಯುವಾಗ ಒಬ್ಬಳೂ ಕೈ ಹಿಡಿಯಲು ಬರಲಿಲ್ಲ.

ಅವಳು ತೋರಿಸಿದ್ದು ಮಾತ್ರ ವ್ಯರ್ಥವಾಗಲಿಲ್ಲ, ಊರು ಚೆನ್ನಾಗಿ ಕಲಿತುಕೊಂಡಿತು. ಮುಂದಿನ ಕರೆ ಬೇಕರಿಯವನದು. ಮೈದಾ, ಸಕ್ಕರೆ, ಡಾಲ್ಡಾ ಎಂದ, ಒಂದನ್ನು ನುಂಗಿಕೊಂಡ, ಬಾ ಎಂದ. ಒಂದು ಬಿಸ್ಕತ್ತೂ ಅಲುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅವನ ಹಿಂದೆ ಎಣ್ಣೆಯವನು, ಅವನ ಹಿಂದೆ ಪೇಡೆಯವನು. ಈಗ ನಮ್ಮೂರಿನಲ್ಲಿ ಯಾವುದೂ ಮರಳಿ ಬರುವುದಿಲ್ಲ, ಎಲ್ಲ ನಿಲ್ಲುತ್ತದೆ, ಎಲ್ಲ ಶುದ್ಧ. ಹೊಸ ಮನೆ ಕಟ್ಟುವವರು ಕಿಂಡಿ ಇಡುವುದನ್ನೇ ಬಿಟ್ಟಿದ್ದಾರೆ, ಬೆಕ್ಕುಗಳಿಗೆ ತೊಂದರೆಯಾಗಿದೆ. ರಾಚಪ್ಪ ತನ್ನ ಬೋರ್ಡಿನ ಮೇಲೆ 'ಅಪ್ಪಟ ಬಾದಾಮಿ'ಯ ಕೆಳಗೆ 'ಕರೆಯಲ್ಲಿ ನಿಂತದ್ದು' ಎಂದು ಕೆಂಪಕ್ಷರದಲ್ಲಿ ಬರೆಸಿದ್ದಾನೆ.

ಕಸ್ತೂರಿ ಪ್ರತಿ ಕರೆಗೂ ಬರುತ್ತಿದ್ದಳು. ಎಲ್ಲರ ಹಿಂದೆ ನಿಲ್ಲುವಳು. ಕಲ್ಲಿನ ಮೇಲಿದ್ದವನು ಬಾ ಎಂದ ಮೇಲೆ, ಚಪ್ಪಾಳೆ ಶುರುವಾಗುವ ಮೊದಲಿನ ಆ ಒಂದು ಗಳಿಗೆಯಲ್ಲಿ, ಏನು ಬಿಟ್ಟಿ ಅಣ್ಣಾ, ಎಂದು ಕೇಳುವಳು. ಜಗಳದ ದನಿಯಲ್ಲಲ್ಲ, ಅಂಗಡಿಯಲ್ಲಿ ಸಾಮಾನು ಮರೆತವನಿಗೆ ನೆನಪಿಸುವ ಹಾಗೆ. ಜನ ಕೇಳಿಸದವರಂತೆ ಕೈ ತಟ್ಟುತ್ತಿದ್ದರು. ಪಾಪ, ಮಗಳು ಹೋದ ಮೇಲೆ ತಲೆ ನೆಟ್ಟಗಿಲ್ಲ ಎನ್ನುತ್ತಿದ್ದರು. ಯಾಕೆ ಬಾಯಿ ನೋಯಿಸಿಕೊಳ್ಳುತ್ತಿ ಎಂದು ನಾನು ಗದರಿದರೆ, ಅವರಿಗೆ ಇನ್ನೂ ಸರಿಯಾಗಿ ತಿಳಿದಿಲ್ಲ ಅಕ್ಕ, ಒಂದು ದಿನ ತಿಳಿಯುತ್ತದೆ, ಎನ್ನುತ್ತಿದ್ದಳು.

ಪೇಡೆಯವನ ಕರೆಯ ದಿನ ನಾವಿಬ್ಬರೂ ಪೇಟೆಯಿಂದ ಒಟ್ಟಿಗೆ ಮರಳಿದೆವು. ಚಪ್ಪಾಳೆ ಜೋರಾಗಿ ಆಗಿತ್ತು, ಮಕ್ಕಳ ಕೈಗೆ ನಿಂತ ಪೇಡೆ ಹಂಚಿದ್ದರು. ಓಣಿಯ ತಿರುವಿನಲ್ಲಿ ನಮ್ಮ ಮುಂದೆ ಒಬ್ಬ ಹೆಂಗಸು ಹೋಗುತ್ತಿದ್ದಳು, ಎಲ್ಲರಿಗಿಂತ ಹೆಚ್ಚು ಕೈ ತಟ್ಟಿದವಳು. ಅತ್ತಿತ್ತ ನೋಡಿ, ಮಗನ ಕೈಯಿಂದ ಪೇಡೆ ಕಿತ್ತುಕೊಂಡು, ನಾಲಗೆಗೆ ಹಚ್ಚಿ ನೋಡಿ, ಥೂ ಎಂದು ಉಗುಳಿ ಚರಂಡಿಗೆ ಎಸೆದಳು. ಹುಡುಗ ಅಳತೊಡಗಿದ, ಬಾಯಿ ಮುಚ್ಚಿಸಿ ಎಳೆದುಕೊಂಡು ಹೋದಳು. ನಾವು ಚರಂಡಿಯ ಹತ್ತಿರ ಹೋಗಿ ಬಗ್ಗಿ ನೋಡಿದೆವು. ಅಲ್ಲಿ ಅದೊಂದೇ ಇರಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೀರಿನಲ್ಲಿ ಪೇಡೆ ತೇಲುತ್ತಿದ್ದವು. ಮನೆಮನೆಯ ಮುಂದೆ ಒಂದಿಷ್ಟು. ನಾಯಿಯೊಂದು ಮೂಸಿ ನೋಡಿ ಮುಂದೆ ಹೋಯಿತು.

ಕಸ್ತೂರಿ ಬಹಳ ಹೊತ್ತು ನೋಡಿದಳು.

"ಹಂಗಾರ ಎಲ್ಲಾರಿಗೂ ಗೊತ್ತೈತೇನು ಅಕ್ಕಾ?"

"ಗೊತ್ತೈತಿ," ಎಂದೆ.

ಅವಳು ಮನೆಗೆ ಹೋಗಿ ಅರ್ಧಕ್ಕೆ ಬಿಟ್ಟಿದ್ದ ಕುಪ್ಪಸ ಎತ್ತಿಕೊಂಡಳು. ಅವತ್ತಿನಿಂದ ಗಂಟೆ ಬಾರಿಸಿದರೂ ಅವಳು ಕಲ್ಲಿನ ಹತ್ತಿರ ಹೋಗುವುದಿಲ್ಲ.